ಭಾಗ್ಯಶ್ರೀ ಹೆಸರಿಗೆ ಎದ್ದವಳು

"ಕದಲಬೇಡಮ್ಮಾ, ಈಗ ನೀನು ಪೇಷಂಟು," ಎಂದು ಪರೀಕ್ಷಕಿ ತೆಲುಗಿನಲ್ಲಿ ಗದರಿದಳು. ಸುಮಂಗಲಾ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು ಕಬ್ಬಿಣದ ಮಂಚದ ಮೇಲೆ ಅಲುಗದೆ ಮಲಗಿದಳು.

ಬೆನ್ನ ಕೆಳಗೆ ರಬ್ಬರ್ ಹಾಸು ತಣ್ಣಗಿತ್ತು. ಪಕ್ಕದ ಕಾರ್ಖಾನೆಯ ಪ್ರೆಸ್ ಯಂತ್ರ ಧಡ್ ಧಡ್ ಎಂದು ಬಡಿಯುತ್ತಿದ್ದ ಸದ್ದು ಮಂಚದ ಕಾಲುಗಳ ಮೂಲಕ ಮೈಗೆ ಬರುತ್ತಿತ್ತು. ಹೈದರಾಬಾದಿನ ಬಾಲಾನಗರದಲ್ಲಿ ಆ ಸದ್ದಿಲ್ಲದೆ ಬೆಳಗಾಗುವುದಿಲ್ಲ.

ಗಾರೆ ಕೆಲಸದ ಮಾಣಿಕಪ್ಪನ ಮಗಳು ಭಾಗ್ಯಶ್ರೀ, ಮಿಯಾಪುರದ ಒಂದು ಫ್ಲ್ಯಾಟಿಗೆ ಮುದುಕರೊಬ್ಬರ ಆರೈಕೆಗೆಂದು ಹೋದವಳು, ಮನೆಗೆ ಮರಳದೆ ವಾರ ಕಳೆದಿತ್ತು. ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯ ಮೇಲೆ ಪತ್ತೇದಾರಿ ಕಚೇರಿ ಇಟ್ಟುಕೊಂಡಿದ್ದ ಸುಮಂಗಲಾಳಿಗೆ ಉಳಿದಿದ್ದದ್ದು ಒಂದೇ ಆಸೆ. ವರ್ಷವಿಡೀ ಕಷ್ಟಪಟ್ಟು ನರ್ಸಿಂಗ್ ಸಹಾಯಕಿಯ ತರಬೇತಿ ಮುಗಿಸಿದ ಹುಡುಗಿ, ಎಲ್ಲಿದ್ದರೂ ಪ್ರಾಕ್ಟಿಕಲ್ ಪರೀಕ್ಷೆಗೆ ಬಂದೇ ಬರುತ್ತಾಳೆ.

ಪರೀಕ್ಷೆಯ ಕೋಣೆಯೊಳಗೆ ಹೊರಗಿನವರಿಗೆ ಪ್ರವೇಶವಿರಲಿಲ್ಲ. ಆದರೆ ಪರೀಕ್ಷೆಗೆ ರೋಗಿಗಳಾಗಿ ಮಲಗಲು ಪಕ್ಕದ ಬಡವರ ಬಸ್ತಿಯ ಹೆಂಗಸರನ್ನು ಕರೆಸುವುದು ಈ ಕೇಂದ್ರದ ರೂಢಿ. ಅವರಿಗೆ ಚಹಾ ಸಿಗುತ್ತಿತ್ತು, ಬಿ.ಪಿ. ನೋಡಿ ಕಳಿಸುತ್ತಿದ್ದರು. ಸುಮಂಗಲಾ ತಲೆಯ ಮೇಲೆ ಸೆರಗು ಹೊದ್ದು ಆ ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ಯಾರೂ ಏನೂ ಕೇಳಲಿಲ್ಲ.

"ಭಾಗ್ಯಶ್ರೀ, ಡಾಟರ್ ಆಫ್ ಮಾಣಿಕಪ್ಪ!" ಪರೀಕ್ಷಕಿ ಕೂಗಿದಳು.

"ಪ್ರೆಸೆಂಟ್ ಮೇಡಂ."

ಸುಮಂಗಲಾ ಕಣ್ಣು ಹೊರಳಿಸಿ ನೋಡಿದಳು. ಬಂದಳು! ಹುಡುಗಿ ಬದುಕಿದ್ದಾಳೆ!

ನೀಲಿ ಸೀರೆ, ಬಿಳಿ ಏಪ್ರನ್, ತಲೆಗೆ ಟೋಪಿ, ಬಾಯಿಗೆ ಮಾಸ್ಕ್. ಹುಡುಗಿ ಬೇಸಿನ್ನಿನಲ್ಲಿ ಮೊಣಕೈಯವರೆಗೆ ಕೈ ತೊಳೆದುಕೊಂಡು, ಟವೆಲ್ಲು ಬಿಸಿನೀರು ತೆಗೆದುಕೊಂಡು ಕಿಟಕಿಯ ಪಕ್ಕದ ಮಂಚಕ್ಕೆ ಬಂದಳು. ರೋಗಿಯನ್ನು ಮುಟ್ಟುವ ಮುಂಚೆ ತನ್ನ ಹೆಸರು ಹೇಳಬೇಕು, ಮಾಡಲಿರುವ ಕೆಲಸ ಹೇಳಬೇಕು. ಅದು ತರಬೇತಿಯ ಮೊದಲ ಪಾಠ.

"ನಮಸ್ಕಾರಂ ಅಮ್ಮಾ. ನಾ ಪೇರು ಭಾಗ್ಯಶ್ರೀ," ಎನ್ನುತ್ತ ಅವಳು ಬಾಗಿದಳು.

ಮಾಸ್ಕಿನ ಮೇಲಿನ ಆ ಕಣ್ಣುಗಳನ್ನು ಸುಮಂಗಲಾ ಗುರುತಿಸಿದಳು. ನಿನ್ನೆ ಮಧ್ಯಾಹ್ನ ಅವಳ ಕಚೇರಿಯಲ್ಲಿ ಕುಳಿತು ಅತ್ತು ಅತ್ತು ಕೆಂಪಾಗಿದ್ದ ಕಣ್ಣುಗಳು ಅವು. ಭಾಗ್ಯಶ್ರೀಯ ಆಪ್ತ ಗೆಳತಿ ಪಿಂಕಿಯ ಕಣ್ಣುಗಳು.

ಪಿಂಕಿಗೂ ರೋಗಿಯ ಗುರುತು ಸಿಕ್ಕಿತು. ಕೈಯಲ್ಲಿದ್ದ ಒದ್ದೆ ಟವೆಲ್ಲಿನಿಂದ ನೀರು ಸುಮಂಗಲಾಳ ಕತ್ತಿನ ಮೇಲೆ ತೊಟ್ಟಿಕ್ಕಿತು.

"ಏಮಯ್ಯಿಂದಿ, ಏನಾಯಿತು? ಮುಂದೇನು?" ಪರೀಕ್ಷಕಿ ಕೇಳಿದಳು.

"ಬೆನ್ನು ನೋಡಬೇಕು ಮೇಡಂ. ಹುಣ್ಣಾಗಿದೆಯೋ ಏನೋ ಅಂತ." ಪಿಂಕಿ ಅಭ್ಯಾಸದ ಬಲದಿಂದ ಸುಮಂಗಲಾಳ ಹೆಗಲಿಗೂ ಸೊಂಟಕ್ಕೂ ಕೈಕೊಟ್ಟು ಗೋಡೆಯ ಕಡೆಗೆ ಮಗ್ಗುಲು ಹೊರಳಿಸಿದಳು. ಬಾಗಿದ ಬಾಯಿಂದ ಪಿಸುಮಾತು ಬಂತು. "ನಿಮ್ಮ ಕಾಲಿಗೆ ಬೀಳ್ತೀನ್ರಿ ಅಕ್ಕಾರ, ಒದರಬ್ಯಾಡ್ರಿ."

"ಆಕಿ ಎಲ್ಲದಾಳ?"

"ಸಿಸ್ಟರಮ್ಮಾರನ್ನ ಕೇಳ್ರಿ. ಅವರು ಹೇಳಿದ್ರಂತ ಮಾಡಾಕತ್ತೀನಿ."

ಸಿಸ್ಟರಮ್ಮ! ಅಂದರೆ ಈ ಕೇಂದ್ರ ನಡೆಸುವ ಶಾರದಾಬಾಯಿ. ಸುಮಂಗಲಾ ಗೋಡೆಯ ಸುಣ್ಣ ನೋಡುತ್ತ ಮಲಗಿದಳು. ಒಂದು ಮಾತು ಆಡಿದರೆ ಸಾಕಿತ್ತು, ಪರೀಕ್ಷೆ ನಿಲ್ಲುತ್ತಿತ್ತು, ಪಿಂಕಿ ಠಾಣೆ ಸೇರುತ್ತಿದ್ದಳು. ಆದರೆ ಭಾಗ್ಯಶ್ರೀಯ ಕಡೆಗೆ ಹೋಗುವ ದಾರಿಯೂ ಅಲ್ಲಿಗೆ ಮುಚ್ಚಿಹೋಗುತ್ತಿತ್ತು.

ಮತ್ತೆ ಅಂಗಾತ ಹೊರಳಿಸುವಾಗ ಪಿಂಕಿಯ ಎದೆಯ ಮೇಲಿನ ಹೆಸರಿನ ಬಿಲ್ಲೆ ಕಣ್ಣ ಮುಂದೆ ಬಂತು. ಭಾಗ್ಯಶ್ರೀ ಎಂದು ಕೊರೆದ ಸ್ಟೀಲಿನ ಬಿಲ್ಲೆ. ಪಿನ್ನು ಮುರಿದಿದ್ದರಿಂದ ಅದನ್ನು ಹಸಿರು ದಾರದಿಂದ ಹೊಲಿಯಲಾಗಿತ್ತು.

ಮಾಣಿಕಪ್ಪ ಕೊಟ್ಟ ಫೋಟೋದಲ್ಲಿ ಮಗಳ ಎದೆಯ ಮೇಲಿದ್ದದ್ದು ಇದೇ ಬಿಲ್ಲೆ, ಇದೇ ಹಸಿರು ದಾರ. ಕಾಣೆಯಾದ ದಿನವೂ ಅವಳು ಅದನ್ನು ಹಾಕಿಕೊಂಡೇ ಕೆಲಸಕ್ಕೆ ಬಂದಿದ್ದಳೆಂದು ಮಿಯಾಪುರದ ವಾಚ್‌ಮನ್ ಶಾಂತಪ್ಪ ಹೇಳಿದ್ದ.

ಅಂದಮೇಲೆ ಆ ದಿನದ ನಂತರ ಅದು ಅವಳ ಮೈಯಿಂದ ಇಳಿದಿದೆ. ಅವಳೇ ಕೊಟ್ಟಳೋ, ಅಥವಾ ಬೇರೆ ಯಾರೋ ಬಿಚ್ಚಿಕೊಂಡರೋ?

ಪಿಂಕಿಯ ಕೆಲಸ ಎಲ್ಲೂ ತಪ್ಪಲಿಲ್ಲ. ಅವಳು ಹೋದ ವರ್ಷವೇ ಇದೇ ಪರೀಕ್ಷೆ ಪಾಸಾಗಿ ಅಮೀರ್‌ಪೇಟೆಯ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದವಳು. ಬೆನ್ನು ಒರೆಸಿ, ಪೌಡರ್ ಹಾಕಿ, ಹಾಸು ಸುಕ್ಕಿಲ್ಲದಂತೆ ಎಳೆದು ಮುಗಿಸಿದಾಗ ಪರೀಕ್ಷಕಿ ತಲೆದೂಗಿದಳು.

"ವೆರಿ ಗುಡ್, ಭಾಗ್ಯಶ್ರೀ."

ಪಿಂಕಿ ಕಣ್ಣೊರೆಸಿಕೊಂಡು ಹೊರಗೆ ಹೋದಳು. ತನ್ನ ಸರದಿ ಮುಗಿಯುತ್ತಿದ್ದಂತೆ ಸುಮಂಗಲಾ ಪಡಸಾಲೆಗೆ ಬಂದು, ಸೊಂಟದ ಚೀಲದಿಂದ ಮೊಬೈಲ್ ತೆಗೆದು ಮಾಣಿಕಪ್ಪನಿಗೆ ಫೋನ್ ಮಾಡಿದಳು.

ಸುರಪುರದ ಕಡೆಯಿಂದ ಬಂದು, ಮಿಯಾಪುರದ ಹೊಸ ಅಪಾರ್ಟ್‌ಮೆಂಟುಗಳ ಬುಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದವನು ಮಾಣಿಕಪ್ಪ. ದಿನಾ ಸಂಜೆ ಕೆಲಸ ಬಿಟ್ಟು ಅವಳ ಕಚೇರಿಗೆ ಬರುತ್ತಿದ್ದ. ಸಿಮೆಂಟಿನ ಕಾಲಲ್ಲಿ ಒಳಗೆ ಬರಬಾರದೆಂದು ಮೆಟ್ಟಿಲ ಮೇಲೇ ಕುಳಿತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ.

"ಮಾಣಿಕಪ್ಪಾ, ಬಾಲಾನಗರಕ್ಕ ಬಾ. ಶಾರದಕ್ಕನ ಸೆಂಟರಿಗೆ."

"ಸಿಕ್ಕಳೇನ್ರಿ ಅಕ್ಕಾರ? ನನ್ನ ಮಗಳು ಸಿಕ್ಕಳೇನ್ರಿ?"

"ಸುಳಿವು ಸಿಕ್ಕೈತಿ. ಲಗೂನ ಬಾ."

"ಈಗ ಬಂದ್ವ್ರಿ," ಎಂದು ಅವನು ಫೋನ್ ಇಟ್ಟ.

ಸುಮಂಗಲಾ ನೇರ ಶಾರದಾಬಾಯಿಯ ಕೋಣೆಗೆ ನಡೆದಳು. ಕಾಲು ಮುಂದೆ ಹೋಗುತ್ತಿದ್ದರೂ ಮನಸ್ಸು ಹಿಂದಕ್ಕೆ ಎಳೆಯುತ್ತಿತ್ತು.

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡದವರಿಗೆ ಶಾರದಾಬಾಯಿ ಬರೀ ನಿವೃತ್ತ ಸಿಸ್ಟರ್ ಅಲ್ಲ. ಯಾರ ಮನೆಯಲ್ಲಿ ಬಾಣಂತನವಾಗಲಿ, ಯಾರ ಮುದುಕರು ಹಾಸಿಗೆ ಹಿಡಿಯಲಿ, ಮೊದಲು ಹೋಗುತ್ತಿದ್ದದ್ದು ಅವರ ಬಾಗಿಲಿಗೆ. ಸುಮಂಗಲಾಳ ತಾಯಿ ಕಡೆಯ ದಿನಗಳಲ್ಲಿ ಮಗಳ ಕೈಯಿಂದ ನೀರು ಕುಡಿಯದಿದ್ದರೂ ಶಾರದಾಬಾಯಿಯ ಕೈಯಿಂದ ಕುಡಿಯುತ್ತಿದ್ದರು. ತಾಯಿಯ ಕಣ್ಣು ಮುಚ್ಚಿಸಿದ್ದೂ ಅದೇ ಕೈ. ಆಮೇಲೆ ಸುಮಂಗಲಾಳನ್ನು ಎದೆಗೆ ಒತ್ತಿಕೊಂಡು, "ಇನ್ನ ನಾನ ನಿಮ್ಮವ್ವ ಅಂತ ತಿಳಕೋ," ಎಂದಿದ್ದರು.

ಶಾರದಾಬಾಯಿ ಬಿಳಿ ಸೀರೆಯಲ್ಲಿ, ಹೆಗಲಿಗೆ ಪಿನ್ನು ಹಾಕಿದ ಗಡಿಯಾರದೊಂದಿಗೆ, ಮೇಜಿನ ಹಿಂದೆ ಕುಳಿತಿದ್ದರು.

"ಬಾ ಸುಮಾ. ಯಾವಾಗ ಬಂದಿ? ಚಹಾ ತರಸಲೇನು?"

"ಆಗಲೇ ಬಂದೀನ್ರಿ. ಒಳಗ ಪೇಷಂಟಾಗಿ ಮಲಗಿದ್ದೆ."

ಶಾರದಾಬಾಯಿಯ ಕೈ ಕರೆಗಂಟೆಯ ಮೇಲೇ ನಿಂತಿತು.

"ಭಾಗ್ಯಶ್ರೀ ಬಂದು ಮೈ ಒರಸಿದಳು. ತನ್ನ ಹೆಸರೂ ಹೇಳಿದಳು. ಆದ್ರ ಕಣ್ಣು ಮಾತ್ರ ಪಿಂಕಿವು."

ಶಾರದಾಬಾಯಿ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. "ಒಳಗ ಏನರ ಒದರಿದೇನು?"

"ಇಲ್ಲ."

"ಶಾಣ್ಯಾಕಿ. ಕುಂದರು."

"ನಾ ಕುಂದರಾಕ ಬಂದಿಲ್ಲ." ಸುಮಂಗಲಾಳ ದನಿ ಒಡೆಯಿತು. "ನಿನ್ನೆ ಇದೇ ಖೋಲ್ಯಾಗ ನನ್ನ ಕೈ ಹಿಡಕೊಂಡು ಅತ್ರಿ. ಆ ಹುಡುಗಿ ಎಲ್ಲಿ ಏನಾಗೇತೋ, ಅನ್ನ ಇಳಿಯವಲ್ದು ಅಂದ್ರಿ. ಅದೂ ನಾಟಕ ಏನ್ರಿ?"

"ಸುಮಾ, ನನ್ನ ಮಾತು ಕೇಳು."

"ಮೊದಲು ನೀವು ಕೇಳ್ರಿ. ಸಾಫ್ಟ್‌ವೇರ್ ಕಂಪನಿ ಸೇರೋ ಹುಡುಗರ ಡಿಗ್ರಿ ಅಸಲಿಯೋ ನಕಲಿಯೋ ನೋಡೋದು ನನ್ನ ದಿನದ ದಂಧೆ. ಅಂಥವರನ್ನ ಭಾಳ ಮಂದೀನ ಹಿಡದೀನಿ. ಒಬ್ಬರ ಮ್ಯಾಲೂ ಸಿಟ್ಟು ಬಂದಿಲ್ಲ. ಇವತ್ತ ಬಂದೈತಿ." ಅವಳು ಮೇಜಿನ ಮೇಲೆ ಕೈಯೂರಿದಳು. "ಪಿಂಕಿ ಎದಿ ಮ್ಯಾಲಿನ ಬಿಲ್ಲೆ ಭಾಗ್ಯಶ್ರೀದು. ಆಕಿ ಕಾಣದಂಗಾದ ದಿನ ಅದು ಆಕೀ ಮೈ ಮ್ಯಾಲ ಇತ್ತು. ಜೀವಂತ ಇದ್ದಾಕಿ ಕೊಟ್ಟಿರಬೇಕು, ಇಲ್ಲಂದ್ರ ಹೆಣದ ಮ್ಯಾಲಿಂದ ತಗದಿರಬೇಕು. ಯಾವುದು?"

"ಬಿಡ್ತು ಅನ್ನು!" ಶಾರದಾಬಾಯಿ ಎರಡೂ ಕಿವಿ ಮುಚ್ಚಿಕೊಂಡರು. "ಜೀವಂತ ಅದಾಳ. ನನ್ನ ಆಸರ್ಯಾಗ ಅದಾಳ."

ಸುಮಂಗಲಾ ಕುರ್ಚಿ ಎಳೆದು ಕುಳಿತಳು. ಸಮಾಧಾನದ ಬೆನ್ನಿಗೇ ಸಿಟ್ಟು ಮತ್ತೆ ಏರಿ ಬಂತು.

"ಮತ್ತ ಒಂದು ವಾರ ನನ್ನನ್ನ ಬಸ್ ಸ್ಟ್ಯಾಂಡು, ಸ್ಟೇಷನ್ನು, ದವಾಖಾನಿ ಹೆಣದ ಕೋಣಿ ಎಲ್ಲಾ ಅಲದಾಡಿಸಿದ್ರಿ. ಒಂದು ಮಾತು ಹೇಳಬಾರದಾಗಿತ್ತಾ? ನನಗ?"

"ನಿನಗ ಹೇಳಬಾರದು ಅಂತನ ಹೇಳಲಿಲ್ಲ." ಶಾರದಾಬಾಯಿ ಎದುರಿಗೆ ಕುಳಿತರು. "ಮಿಯಾಪುರದ ಆ ಅಮರೇಶಪ್ಪ ಗೊತ್ತಲ್ಲ ನಿನಗ?"

ಗೊತ್ತಿತ್ತು. ಬಾಲಾನಗರದ ದೊಡ್ಡ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಲಕ್ವ ಹೊಡೆದು ಮೈಯ ಒಂದು ಭಾಗವೂ ಮಾತೂ ಹೋಗಿದ್ದವು. ಮಗ ಚೇತನಕುಮಾರ ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಭಾಗ್ಯಶ್ರೀಯನ್ನು ತರಬೇತಿಯ ಅಂಗವಾಗಿ ಆ ಮನೆಗೆ ಕಳಿಸಿದ್ದವರು ಶಾರದಾಬಾಯಿಯೇ.

"ಆ ಹುಡುಗಿ ಕೈಯಾಗ ಮುದುಕ ಸುಧಾರಸಾಕತ್ತಿದ್ದ. ಬೆರಳು ಹಿಡಕೊಳ್ಳೂದು, ಹೂಂ ಅನ್ನೂದು ಮಾಡ್ತಿದ್ದ. ಆಮ್ಯಾಲ ಏನಾತು, ದಿನವಿಡೀ ನಿದ್ದಿ. ಕುಡಿಸಿದ ಗಂಜಿಯ ತಳದಾಗ ಬಿಳೀ ಚೂರು ಕಂಡ್ವಂತ. ನಿದ್ದಿ ಗುಳಿಗಿ. ಡಾಕ್ಟರ್ ಬರದದ್ದಲ್ಲ."

"ಮಗನಾ?"

"ಮತ್ಯಾರು? ಮಿಯಾಪುರದಾಗ ಮುದುಕನ ಹೆಸರಿಲೆ ಜಾಗ ಐತಿ. ಮುದುಕ ಎದ್ದು ಕುಂತು ಮಾತಾಡಿದ್ರ ಮಗನ ಕೈಗೆ ಅದು ಸಿಗೂದಿಲ್ಲ. ಭಾಗ್ಯಾ ಹೆದರಿ ಮೊದಲು ಹೇಳಿದ್ದು ತನ್ನಪ್ಪಗ. ಮರುದಿನ ಮುಂಜಾನೆ ಆಕಿ ಬಾಗಿಲಾಗ ಕಾಲಿಡೂದರಾಗ ಚೇತನಕುಮಾರ ಕೇಳಿದನಂತ, ನಿಮ್ಮಪ್ಪನ ಮುಂದ ಏನೇನು ಹೇಳೀದಿ ಅಂತ. ಅವಗ ಯಾರು ಹೇಳಿದ್ರು? ನೀನ ವಿಚಾರ ಮಾಡು."

"ಮಾಣಿಕಪ್ಪ?" ಸುಮಂಗಲಾ ತಲೆಯಾಡಿಸಿದಳು. "ಸಾಧ್ಯ ಇಲ್ಲ. ದಿನಾ ಸಂಜಿಗೆ ನನ್ನ ಮೆಟ್ಟಿಲ ಮ್ಯಾಲ ಕುಂತು ಅಳ್ತಾನ ಅಂವ."

"ಅಳೂದಕ್ಕೇನು, ನಾನೂ ಅತ್ತೆ." ಶಾರದಾಬಾಯಿ ಮುಂದಕ್ಕೆ ಬಾಗಿದರು. "ಗಾರೆ ಕೆಲಸದವನ ಕೈಯಾಗ ಹೊಸಾ ಮೊಬೈಲ್ ಹೆಂಗ ಬಂತು ಕೇಳಿದೇನು?"

"ಕೇಳೀನಿ. ಮಗಳ ಸುದ್ದಿ ಬಂದ್ರ ತಿಳೀಲಿ ಅಂತ ಸೂಪರ್‌ವೈಸರ್ ಕೊಟ್ಟಾನಂದ."

"ಚೇತನಕುಮಾರ ಕೊಟ್ಟಾನ. ನೀ ಹುಡುಕೂದು, ಮಾಣಿಕಪ್ಪ ಮುಟ್ಟಸೂದು, ಆ ಮಗ ಬಂದು ಹುಡುಗೀನ ಎತ್ತಿಕೊಂಡು ಹೋಗೂದು. ಈ ಹಂಚಿಕಿಯಾಗ ನೀ ಬೇಟೆ ನಾಯಿ, ಸುಮಾ. ಅದಕ್ಕ ನಿನ್ನಿಂದ ಮುಚ್ಚಿಟ್ಟೆ."

ಈಗ ಬಂದ್ವ್ರಿ. ಫೋನಿನಲ್ಲಿ ಕೇಳಿದ ಮಾತು ಸುಮಂಗಲಾಳ ಕಿವಿಯಲ್ಲಿ ಮತ್ತೆ ಬಂತು. ಬಂದೆ ಅಂದಿರಲಿಲ್ಲ, ಬಂದ್ವಿ ಅಂದಿದ್ದ. ಜೊತೆಗೆ ಯಾರೋ ಇದ್ದರು.

ಒಂದು ವಾರದಿಂದ ತಾನು ಹೋದ ಜಾಗ, ಕಂಡ ಮನುಷ್ಯರು, ಕೇಳಿದ ಮಾತು ಎಲ್ಲವನ್ನೂ ಒಂದೂ ಬಿಡದೆ ಆ ತಂದೆಯ ಕಣ್ಣೀರಿನ ಮುಂದೆ ಸುರಿದಿದ್ದಳು. ಅವನು ಅದನ್ನೆಲ್ಲ ಹೊತ್ತುಕೊಂಡು ಹೋಗಿ ಇನ್ನೊಬ್ಬನ ಮುಂದೆ ಇಳಿಸುತ್ತಿದ್ದನೇ? ಹೆತ್ತ ಮಗಳ ವಿಷಯದಲ್ಲಿ?

"ಆದ್ರ ಈ ಪರೀಕ್ಷೆ?" ಅವಳು ಕಷ್ಟಪಟ್ಟು ಕೇಳಿದಳು. "ಪಿಂಕೀನ ಯಾಕ ಕುಂದರಿಸಿದ್ರಿ?"

"ಸರ್ಟಿಫಿಕೇಟ್ ಇಲ್ಲದ ಆಯಾಳ ಮಾತು ಪೊಲೀಸರು ಕೇಳ್ತಾರೇನು? ನಾಳೆ ಆಕೀನ ಕಳ್ಳಿ ಅಂತಾರ. ಬೋರ್ಡಿನ ಸರ್ಟಿಫಿಕೇಟ್ ಇದ್ರ ಆಕಿ ಮಾತಿಗೆ ತೂಕ ಬರ್ತೈತಿ. ಆಕಿ ಹೊರಗ ಬರೂ ಹಂಗಿಲ್ಲ. ವರ್ಷದ ಕಷ್ಟ ನೀರಾಗ ಹೋಗಬಾರದಂತ..."

"ಬ್ಯಾರೆ ಹುಡುಗಿ ಕುಂತು ಪಾಸಾದ ಪರೀಕ್ಷೆ! ಎದುರಿನ ವಕೀಲ ಮೊದಲು ಇದನ್ನ ಹಿಡೀತಾನ. ಅಲ್ಲಿಗೆ ಭಾಗ್ಯಾ ಮಾತೂ ಮುಗೀತು, ನಿಮ್ಮ ಸೆಂಟರೂ ಮುಗೀತು. ಇದು ನಿಮಗ ತಿಳೀಲಿಲ್ಲೇನ್ರಿ?"

"ಅಷ್ಟು ಮುಂದಿಂದು ವಿಚಾರ ಮಾಡಲಿಲ್ಲವಾ," ಎಂದರು ಶಾರದಾಬಾಯಿ ಮೆಲ್ಲಗೆ.

ಸುಮಂಗಲಾ ಅವರ ಮುಖ ನೋಡಿದಳು. ಒಂದು ಚಮಚ ಔಷಧಿಗೂ ಎರಡು ಸಲ ಬಾಟಲಿ ಓದುವ ಹೆಂಗಸು. ವಿಚಾರ ಮಾಡದೆ ಒಂದು ಹೆಜ್ಜೆ ಇಟ್ಟದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಕೇಳಬೇಕೆನ್ನುವಷ್ಟರಲ್ಲಿ ಕೆಳಗೆ ಕಾರಿನ ಹಾರ್ನ್ ಕೇಳಿಸಿತು.

ಇಬ್ಬರೂ ಕಿಟಕಿಗೆ ಓಡಿದರು.

ಗೇಟಿನ ಮುಂದೆ ಬೆಳ್ಳಿ ಬಣ್ಣದ ಕಾರು ನಿಂತಿತ್ತು. ಕೊರಳಲ್ಲಿ ಕಂಪನಿಯ ಗುರುತಿನ ಪಟ್ಟಿ ಹಾಕಿಕೊಂಡ ಚೇತನಕುಮಾರ ಕೆಳಗಿಳಿದು ಸುತ್ತ ನೋಡಿದ. ಹಿಂದಿನ ಬಾಗಿಲು ತೆರೆಯಿತು. ಸಿಮೆಂಟು ಮೆತ್ತಿದ ಕಾಲೊಂದು ಹೊರಬಂತು. ಮಾಣಿಕಪ್ಪ.

ಸುಮಂಗಲಾ ಕಿಟಕಿಯ ಸರಳು ಹಿಡಿದುಕೊಂಡಳು. ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದವನು ಇವನೇನಾ?

"ಕರದಾಕಿ ನಾನ," ಎಂದಳು. "ಈಗ ಫೋನ್ ಮಾಡಿ ನಾನ ಕರದೆ."

"ಹೋಗಲಿ ಬಿಡು. ಭಾಗ್ಯಾ ಮ್ಯಾಲಿನ ಖೋಲ್ಯಾಗ ಅದಾಳ. ನಡಿ, ಅವರು ಒಳಗ ಬರೂದರಾಗ ಆಕೀನ ಹಿಂದಿನ ಬಾಗಿಲಿಂದ ದಾಟಸೂಣು."

"ಶಾರದಕ್ಕಾ..." ಸುಮಂಗಲಾ ಅವರ ಕೈ ಹಿಡಿದಳು. "ನಿಮ್ಮ ಮ್ಯಾಲ ಸಂಶಯ ಪಟ್ಟೆ. ಹೆಣದ ಮಾತಾಡಿದೆ. ತಪ್ಪಾತ್ರಿ."

"ಹುಚ್ಚಿ. ಮಕ್ಕಳ ಮಾತು ತಾಯಿಗಿ ಹತ್ತತಾವೇನು? ನಡಿ."

ಮೆಟ್ಟಿಲು ಇಕ್ಕಟ್ಟಾಗಿತ್ತು. ಸುಮಂಗಲಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಹತ್ತಿದಳು. ಶಾರದಾಬಾಯಿ ಏದುಸಿರು ಬಿಡುತ್ತ ಹಿಂದೆ ಬಂದರು. ಹಳೆಯ ಮಂಚಗಳನ್ನೂ ಮುರಿದ ವ್ಹೀಲ್‌ಚೇರುಗಳನ್ನೂ ತುಂಬಿಟ್ಟ ಮಾಳಿಗೆಯ ಕೊನೆಗೆ ಒಂದು ಕೋಣೆ. ಶಾರದಾಬಾಯಿ ಹೊರಗಿನ ಅಗಳಿ ಸರಿಸಿದರು.

ಒಳಗೆ ಕಾಲಿಟ್ಟ ಸುಮಂಗಲಾ ಅಲ್ಲೇ ನಿಂತಳು.

ಫೋಟೋದಲ್ಲಿ ಮಾತ್ರ ನೋಡಿದ್ದ ಹುಡುಗಿ ನೆಲದ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಅವಳ ಪಕ್ಕದ ಮಂಚದ ಮೇಲೆ, ದಿಂಬುಗಳ ಆಸರೆಯಲ್ಲಿ, ಬಾಯಿ ಒಂದು ಕಡೆಗೆ ಜಗ್ಗಿದ್ದ ಮುದುಕರೊಬ್ಬರು ಮಲಗಿದ್ದರು.

"ಇವರು..."

"ಅಮರೇಶಪ್ಪನವರು," ಎಂದಳು ಭಾಗ್ಯಶ್ರೀ. ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದುಕೊಂಡಳು. "ಸಿಸ್ಟರಮ್ಮಾರ, ಇವರು ಯಾರ್ರಿ?"

"ನಮ್ಮವರ. ಹೆದರಬ್ಯಾಡ," ಎಂದರು ಶಾರದಾಬಾಯಿ ಬಾಗಿಲಲ್ಲೇ ನಿಂತು. "ಕೆಳಗ ಅವರನ್ನ ಒಂದು ಗಳಿಗಿ ತಡೀತೀನಿ. ನೀವು ತಯಾರಾಗ್ರಿ."

ಸುಮಂಗಲಾಳ ತಲೆ ವೇಗವಾಗಿ ಓಡತೊಡಗಿತು. ಅವಳು ವಿಚಾರಣೆಗೆಂದು ಮಿಯಾಪುರದ ಫ್ಲ್ಯಾಟಿಗೆ ಹೋದಾಗ ಚೇತನಕುಮಾರ ಬಾಗಿಲಿಗೆ ಅಡ್ಡ ನಿಂತು, ಅಪ್ಪ ಮಲಗಿದ್ದಾರೆ, ಒಳಗೆ ಬರಬೇಡಿ ಎಂದಿದ್ದ. ಆಗಲೇ ಆ ಮನೆಯಲ್ಲಿ ಅಪ್ಪ ಇರಲಿಲ್ಲ. ತಂದೆ ಕಾಣೆಯಾಗಿದ್ದರೂ ಮಗ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಯಾಕೆ?

"ಇವರನ್ನ ಹೆಂಗ ಕರಕೊಂಡು ಬಂದಿ?"

"ಕೈಕಾಲಿನ ವ್ಯಾಯಾಮಕ್ಕ ಒಯ್ಯಾಕತ್ತೀನಿ ಅಂತ ಹೇಳಿ, ವಾಚ್‌ಮನ್ ಚಹಾಕ್ಕ ಹೋದಾಗ ವ್ಹೀಲ್‌ಚೇರಿನಾಗ ಕೆಳಗ ಇಳಿಸಿದೆ. ಸಿಸ್ಟರಮ್ಮಾರು ಸೆಂಟರಿನ ವ್ಯಾನ್ ಕಳಿಸಿದ್ರು. ಇಲ್ಲಂದ್ರ ಅವರ ಮಗ ಇವರನ್ನ ಉಳಸ್ತಿರಲಿಲ್ಲಂತ."

"ಅವತ್ತ ಮುಂಜಾನೆ ಬಾಗಿಲಾಗ ಚೇತನಕುಮಾರ ನಿನಗ ಅಂದದ್ದೇನು? ನಿಮ್ಮಪ್ಪನ ಮುಂದ ಏನು ಹೇಳೀದಿ ಅಂದನಂತಲ್ಲ?"

ಹುಡುಗಿ ಅರ್ಥವಾಗದೆ ನೋಡಿದಳು. "ಇಲ್ಲರಿ. ಅವರು ಏನೂ ಕೇಳಿಲ್ಲ. ಅವರು ನನ್ನ ಕೂಡ ಮಾತಾಡೂದ ಕಮ್ಮಿ."

"ಮತ್ತ ನಿಮ್ಮಪ್ಪ ಅವರ ಕಡೆ ಆಗ್ಯಾನಂತ ನಿನಗ ಹೇಳಿದ್ದು ಯಾರು?"

"ಸಿಸ್ಟರಮ್ಮಾರು. ನಾ ಕೆಲಸಕ್ಕ ಹೋದ ಮ್ಯಾಲ ಫೋನ್ ಮಾಡಿ ಹೇಳಿದ್ರು. ನಿಮ್ಮಪ್ಪ ನಿನ್ನ ಕೈಬಿಟ್ಟಾನ, ಶೆಡ್ಡಿಗೆ ಹೋಗಬ್ಯಾಡ, ಮುದುಕರನ್ನ ಕರಕೊಂಡು ನನ್ನ ಕಡೆ ಬಾ ಅಂತ." ಭಾಗ್ಯಶ್ರೀಯ ಕಣ್ಣು ತುಂಬಿ ಬಂತು. "ನಮ್ಮಪ್ಪ ಹಂಗ ಮಾಡ್ತಾನಂತ ನಾ ಕನಸಿನ್ಯಾಗೂ ಅಂದ್ಕೊಂಡಿರಲಿಲ್ಲರಿ ಅಕ್ಕಾರ. ಆ ದಿನದಿಂದ ನನಗ ಯಾರೂ ಇಲ್ಲ, ಇವರೊಬ್ಬರ."

ಕೆಳಗೆ ಮೇಜಿನ ಎದುರು ಕೇಳಿದ ಕಥೆ ಬೇರೆ, ಇಲ್ಲಿ ಕೇಳುತ್ತಿರುವುದು ಬೇರೆ.

"ಭಾಗ್ಯಾ, ಸರಿಯಾಗಿ ನೆನಸಿ ಹೇಳು. ಆ ಮನ್ಯಾಗ ಮುದುಕರಿಗೆ ಕುಡಿಸ್ತಿದ್ದೆಲ್ಲ ಗಂಜಿ, ಅದರ ಹಿಟ್ಟು ಎಲ್ಲಿಂದ ಬರ್ತಿತ್ತು?"

"ಇಲ್ಲಿಂದನ. ಸೆಂಟರಿಂದ. ಸಿಸ್ಟರಮ್ಮಾರು ಬಿ.ಪಿ. ನೋಡಾಕ ಬಂದಾಗ ಡಬ್ಬಿ ತುಂಬಿ ಇಟ್ಟು ಹೋಗ್ತಿದ್ರು."

ಮಂಚದಿಂದ ಗೊರಗೊರ ಸದ್ದು ಬಂತು. ಅಮರೇಶಪ್ಪನವರ ಕಣ್ಣು ಪೂರ್ತಿ ತೆರೆದಿದ್ದವು. ಸುಮಂಗಲಾ ಹತ್ತಿರ ಹೋಗಿ ಬಾಗಿದಳು. ಅವರ ಬಲಗೈ ಹಾಸಿಗೆಯ ಮೇಲೆ ತೆವಳಿ ಅವಳ ಬೆರಳನ್ನು ಹಿಡಿಯಿತು. ಕೊರಳಿನ ನರ ಉಬ್ಬಿದವು.

"ಗು... ಗುಳಿಗಿ..." ತುಟಿಯಿಂದ ಜೊಲ್ಲು ಇಳಿಯಿತು. "ಅರದು... ಆಕಿ..."

ಆ ಕೈ ಅವಳ ಬೆರಳು ಬಿಟ್ಟು ಮೇಲೆದ್ದಿತು. ನಡುಗುತ್ತ ನಡುಗುತ್ತ ಬಾಗಿಲ ಕಡೆಗೆ ತೋರಿಸಿತು.

ಸುಮಂಗಲಾ ತಿರುಗಿದಳು.

ಹೊಸ್ತಿಲ ಮೇಲೆ ಶಾರದಾಬಾಯಿ ಇನ್ನೂ ನಿಂತಿದ್ದರು. ಕೆಳಗೆ ಹೋಗಿರಲೇ ಇಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ತಾಯಿ ಸತ್ತ ದಿನ ಅವಳನ್ನು ನೋಡಿದ್ದ ಅದೇ ಮರುಕ ಇತ್ತು.

"ನೀ ಭಾಳ ಪ್ರಶ್ನೆ ಕೇಳ್ತಿ, ಸುಮಾ," ಎಂದರು.

ಬಾಗಿಲು ಮುಚ್ಚಿತು. ಹೊರಗೆ ಅಗಳಿ ಬಿದ್ದ ಸದ್ದು ಕೇಳಿತು.

ಸುಮಂಗಲಾ ಹಾರಿಬಿದ್ದು ಬಾಗಿಲಿಗೆ ಭುಜ ಕೊಟ್ಟಳು. ಅಲುಗಲಿಲ್ಲ. "ಶಾರದಕ್ಕಾ! ಬಾಗಲಾ ತಗೀರಿ!" ಎಂದು ಕೂಗಿದಳು. ಗೋಡೆಯಾಚೆಯ ಪ್ರೆಸ್ ಯಂತ್ರ ಧಡ್ ಧಡ್ ಎನ್ನುತ್ತಲೇ ಇತ್ತು. ಕೂಗು ಅವಳ ಕಿವಿಗೇ ಸರಿಯಾಗಿ ಕೇಳಿಸಲಿಲ್ಲ. ಕೈ ಸೊಂಟದ ಚೀಲಕ್ಕೆ ಹೋಯಿತು. ಚೀಲ ಖಾಲಿ. ಮೊಬೈಲು ಎಲ್ಲಿ ಜಾರಿತೋ, ಅಥವಾ ಇಕ್ಕಟ್ಟಿನ ಮೆಟ್ಟಿಲಲ್ಲಿ ಹಿಂದೆ ಬರುತ್ತಿದ್ದವರ ಕೈ ಸೇರಿತೋ?

ಗೋಡೆಯ ಎತ್ತರದಲ್ಲಿ ಒಂದು ಸಣ್ಣ ಗವಾಕ್ಷಿ ಇತ್ತು. ಮುರಿದ ಸ್ಟೂಲಿನ ಮೇಲೆ ಹತ್ತಿ ಇಣುಕಿದಳು. ಕೆಳಗೆ ಗೇಟಿನ ಬಳಿ ಮಾಣಿಕಪ್ಪ ಶಾರದಾಬಾಯಿಯ ಕಾಲು ಹಿಡಿದುಕೊಂಡು ಬಿದ್ದಿದ್ದ. ಚೇತನಕುಮಾರ ಕೈ ಮುಗಿದು ನಿಂತಿದ್ದ; ಅಪ್ಪ ಕಾಣೆಯಾದದ್ದನ್ನು ಹೇಳದಂತೆ ಅವನ ಬಾಯಿ ಮುಚ್ಚಿಸಿದ್ದವರೂ ಅವರೇ ಇರಬೇಕು. ಶಾರದಾಬಾಯಿ ಇಬ್ಬರಿಗೂ ಏನನ್ನೋ ಹೇಳುತ್ತಿದ್ದರು, ಪರೀಕ್ಷೆಯ ಕೋಣೆಯ ಕಡೆಗೆ ಕೈ ತೋರಿಸುತ್ತ, ನಗುತ್ತ. ಮಗಳು ಪರೀಕ್ಷೆ ಮುಗಿಸಿ ಆಗಲೇ ಹೊರಟುಹೋದಳು ಎನ್ನುತ್ತಿರಬೇಕು; ಪಿಂಕಿಯನ್ನು ಕೂರಿಸಿದ್ದೇ ಇದಕ್ಕೆ.

ಅಪ್ಪ ಮಗಳನ್ನು ಮಾರಿಕೊಂಡಿರಲಿಲ್ಲ. ಮುದುಕರ ಜಾಗದ ಮೇಲೆ ಕಣ್ಣಿದ್ದದ್ದು ಮಗನಿಗಲ್ಲ, ಶಾರದಾಬಾಯಿಗೇ ಇರಬೇಕು. ಮಾಣಿಕಪ್ಪ ಮಗಳನ್ನೂ ಚೇತನಕುಮಾರ ಅಪ್ಪನನ್ನೂ ಹುಡುಕಿಕೊಂಡು ಬಂದಿದ್ದರು. ಈಗ ತಿರುಗಿ ಹೋಗಲಿದ್ದರು.

"ಮಾಣಿಕಪ್ಪಾ!" ಎಂದು ಗಂಟಲು ಹರಿಯುವಂತೆ ಕಿರುಚಿದಳು. ಯಾರೂ ತಲೆಯೆತ್ತಲಿಲ್ಲ.

ಸ್ಟೂಲಿನಿಂದ ಇಳಿದು, "ಭಾಗ್ಯಾ, ಬಾ ಇಲ್ಲಿ, ನಿನ್ನ ದನಿ ನಿಮ್ಮಪ್ಪ ಗುರುತು ಹಿಡೀತಾನ, ಒದರು," ಎಂದಳು.

ಭಾಗ್ಯಶ್ರೀ ಮತ್ತೆ ನೆಲಕ್ಕೆ ಜಾರಿ ಕುಳಿತಿದ್ದಳು. ಪಕ್ಕದಲ್ಲಿ ಎರಡು ಸ್ಟೀಲ್ ಲೋಟಗಳಿದ್ದವು. ಒಂದರಲ್ಲಿ ಮುದುಕರ ಪಾಲಿನ ಗಂಜಿ ತುಂಬಿದಂತೆಯೇ ಇತ್ತು. ಇನ್ನೊಂದು ಖಾಲಿಯಾಗಿತ್ತು.

"ಇದನ್ನ ಯಾರು ಕುಡದ್ರು?"

"ನಾನ್ರಿ." ಹುಡುಗಿಯ ನಾಲಗೆ ತೊದಲುತ್ತಿತ್ತು. "ದಿನಾ ಅರ್ಧಾ ಕುಡೀತಿದ್ದೆ. ಇವತ್ತ ಪರೀಕ್ಷೆ ದಿನ, ಮತ್ತ ಮ್ಯಾಲ ಬರಾಕ ಆಗೂದಿಲ್ಲ, ಪೂರಾ ಕುಡಿ ಅಂದ್ರು ಸಿಸ್ಟರಮ್ಮಾರು. ಅವರ ಎದುರಿಗೇ..."

ಸುಮಂಗಲಾ ಅವಳ ಹೆಗಲು ಹಿಡಿದು ಜೋರಾಗಿ ಅಲುಗಿಸಿದಳು. ಕೆನ್ನೆಗೆ ಹೊಡೆದಳು. ಭಾಗ್ಯಶ್ರೀಯ ತಲೆ ಅವಳ ತೋಳಿನ ಮೇಲೆ ಮಗುವಿನ ತಲೆಯಂತೆ ಹೊರಳಿತು.

ಹೊರಗೆ ಕಾರು ಶುರುವಾದ ಸದ್ದು ಬಂತು.